ನಾಲ್ಕನೇ ಎಣಿಕೆಯಲ್ಲಿ ನಿಂತ ಉಸಿರು

ಅಥವಾ ಆ ಮಾತನ್ನು ಆಕೆ ಹೇಳಿದ್ದು ಬಸ್ ನಿಲ್ದಾಣದಲ್ಲಿರಬಹುದು. ಗೋದಾಮಿನೊಳಗೆ, ಎಲ್ಲರೂ ನೆಲದ ಮೇಲೆ ಕುಳಿತಿದ್ದಾಗ, ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದಳು ಎಂದು ಇದುವರೆಗೆ ಮೂರು ಜನರ ಮುಂದೆ ಹೇಳಿಕೊಂಡಿದ್ದೇನೆ. ಮೂರು ಸಲವೂ ಕತೆ ಚೆನ್ನಾಗಿ ಕೂತಿತು. ನನಗೆ ಅನುಮಾನ ಬಂದದ್ದೇ ಅದಕ್ಕೆ. ನಡೆದದ್ದು ಹಾಗೆಲ್ಲ ಹದವಾಗಿ ಕೂರುವುದಿಲ್ಲ. ಮಾತಿನ ಬಗ್ಗೆ ಮಾತ್ರ ಸಂಶಯವಿಲ್ಲ:

“ಸರ್, ನೀವು ಉಸುರು ಬಿಡವಲ್ರಿ. ಹಿಡಕೊಂಡು ಕುಂತೀರಿ.”

ಹೇಳಿದವಳು ರಾಮದುರ್ಗದ ಒಂದು ಹೈಸ್ಕೂಲಿನ ಪಿಇ ಟೀಚರ್. ಕಾಲೇಜಿನ ದಿನಗಳಲ್ಲಿ ಕಬಡ್ಡಿ ಆಡಿದವಳು. ಪ್ರತಿ ಭಾನುವಾರ ಬೆಳಿಗ್ಗೆ ಸವದತ್ತಿಯಲ್ಲಿ ಬಸ್ಸು ಬದಲಿಸಿ ಬೈಲಹೊಂಗಲಕ್ಕೆ ಬರುತ್ತಿದ್ದಳು. ನಾನು ಬೈಲಹೊಂಗಲದಲ್ಲೇ ಸಣ್ಣದೊಂದು ನಾಟಕ ತಂಡ ಕಟ್ಟಿಕೊಂಡವನು. ಮಾತು ಕಡಿಮೆ ಮಾಡಿ ಮೈಯಿಂದಲೇ ಒಂದು ನಾಟಕ ಮಾಡಬೇಕೆಂಬ ಹಟ ಹಿಡಿದು, ಬೆಳಗಾವಿಯಲ್ಲಿದ್ದ ಒಬ್ಬ ಆಧುನಿಕ ನೃತ್ಯದ ಶಿಕ್ಷಕಿಯನ್ನು ಹತ್ತು ಭಾನುವಾರಗಳಿಗೆ ಒಪ್ಪಿಸಿದ್ದೆ. ಕಲಿಯುವವರು ಎಂಟು ಜನ. ನಾನು, ನನ್ನ ತಂಡದ ಐವರು ಹುಡುಗರು, ಕಿತ್ತೂರಿನ ಒಬ್ಬ ಡೊಳ್ಳಿನವ, ಮತ್ತು ಈ ಟೀಚರ್.

ಮೊದಲ ದಿನವೇ ಶಿಕ್ಷಕಿ ಒಂದು ಮಾತು ಸ್ಪಷ್ಟಪಡಿಸಿದರು. ಹತ್ತು ವಾರ ಮುಗಿದ ಮೇಲೆ ಅವರು ಬರುವುದಿಲ್ಲ. ಎಂಟರಲ್ಲಿ ಒಬ್ಬರು ಇದೇ ತರಗತಿಯನ್ನು ಇದೇ ಕ್ರಮದಲ್ಲಿ ಮುಂದುವರಿಸಬೇಕು, ಇಲ್ಲದಿದ್ದರೆ ಎರಡು ತಿಂಗಳಲ್ಲಿ ಮೈ ಎಲ್ಲವನ್ನೂ ಮರೆಯುತ್ತದೆ. ಆ ಒಬ್ಬ ನಾನೇ ಎಂದು ಎಲ್ಲರೂ ಅಂದುಕೊಂಡರು. ನಾನೂ ಅಂದುಕೊಂಡೆ. ಗೋದಾಮಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಒಂದು ವಿದ್ಯೆ ಈ ಊರಿಗೆ ನನ್ನ ಮೂಲಕ ಬಂತು ಎನಿಸಿಕೊಳ್ಳಬೇಕೆಂಬ ಆಸೆ ನನಗೆ ಎಷ್ಟಿತ್ತೆಂದು ಆಗ ಯಾರಾದರೂ ಕೇಳಿದ್ದರೆ ಇಲ್ಲವೇ ಇಲ್ಲ ಎನ್ನುತ್ತಿದ್ದೆ.

ಗೋದಾಮು ಮುಚ್ಚಿಹೋದ ಹತ್ತಿ ಜಿನ್ನಿನ ಹಿಂದುಗಡೆಯದು. ಹತ್ತಿ ಖಾಲಿಯಾಗಿ ವರ್ಷಗಳಾಗಿದ್ದರೂ ಗೋಡೆಯ ಬಿರುಕುಗಳಿಂದ ಎಳೆ ಎಳೆಯಾಗಿ ಅರಳೆ ಉದುರುತ್ತಲೇ ಇತ್ತು. ನೆಲಕ್ಕೆ ಶಹಾಬಾದಿ ಕಲ್ಲು. ಅದರ ಮೇಲೆ ನಮ್ಮ ಮನೆಯ ಎರಡು ಜಮಖಾನೆ ಹಾಸಿದೆವು. ಮೊದಲ ವಾರ ಒಬ್ಬರು ಜಾರಿದರೆ ಜಮಖಾನೆಯ ಜೊತೆಗೆ ಎಂಟೂ ಜನ ಜಾರುತ್ತಿದ್ದೆವು. ಎರಡನೇ ವಾರ ರಾಮದುರ್ಗದ ಟೀಚರ್ ಗೋಣಿಚೀಲಗಳನ್ನು ನೀರಲ್ಲಿ ಅದ್ದಿ ಹಿಂಡಿ ಕೆಳಗೆ ಹಾಸಿದಳು. ಆಮೇಲೆ ಜಮಖಾನೆ ಅಲುಗಲಿಲ್ಲ. ಇದನ್ನು ನಾನು ಯೋಚಿಸಬೇಕಿತ್ತು ಎಂದು ನನಗೆ ಕಿರಿಕಿರಿಯಾದದ್ದು ನೆನಪಿದೆ.

ಕ್ರಮ ಹೀಗಿತ್ತು. ಮೊದಲು ಅಂಗಾಲಿಗೆ ಅಂಗಾಲು ಕೂಡಿಸಿ ಕುಳಿತು, ಸೊಂಟದಿಂದ ಮುಂದಕ್ಕೆ ಹದಿನಾರು ಸಣ್ಣ ಕುಲುಕು. ಕಾಲು ಅಗಲಿಸಿ ಹದಿನಾರು, ಕಾಲು ಚಾಚಿ ಹದಿನಾರು. ಆಮೇಲೆ ಈ ಪದ್ಧತಿಯ ಜೀವಾಳವಾದ ಕಾಂಟ್ರ್ಯಾಕ್ಷನ್. ಬೆನ್ನುಮೂಳೆಯ ಬುಡದಿಂದ ಶುರುವಾಗಿ ಕಿಬ್ಬೊಟ್ಟೆ ಒಳಕ್ಕೆ ಹೋಗುತ್ತದೆ, ಬೆನ್ನು ಬಿಲ್ಲಾಗುತ್ತದೆ, ಎದೆಗೂಡು ಟೊಳ್ಳಾಗುತ್ತದೆ. ತಲೆ ಬಗ್ಗಿಸಿ ಮಾಡಿದರೆ ಅದು ಕಾಂಟ್ರ್ಯಾಕ್ಷನ್ ಅಲ್ಲ, ಬರೀ ಗೂನು. ಇಷ್ಟೂ ಹೊತ್ತು ಉಸಿರು ಹೊರಗೆ ಹೋಗುತ್ತಿರಬೇಕು. ಆಮೇಲೆ ರಿಲೀಸ್. ಅದೂ ಬುಡದಿಂದಲೇ, ಬೆನ್ನುಮೂಳೆಯ ಒಂದೊಂದೇ ಮಣಿ ಎದ್ದು ಬೆನ್ನು ನೆಟ್ಟಗಾಗುತ್ತದೆ, ಉಸಿರು ಒಳಗೆ ಬರುತ್ತದೆ. ಅದಾದ ಮೇಲೆ ಕುಳಿತಲ್ಲೇ ತಿರುಚುವುದು, ಮಂಡಿಯ ಮೇಲೆ ಏಳುವುದು, ನಿಲ್ಲುವುದು, ಗೋದಾಮಿನ ಆ ಗೋಡೆಯಿಂದ ಈ ಗೋಡೆಗೆ ನಡೆಯುವುದು. ಕೊನೆಗೆ ಬೀಳುವುದು.

ಪ್ರತಿ ಭಾನುವಾರ ಇದೇ, ಇದೇ ಅನುಕ್ರಮ, ಇದೇ ಎಣಿಕೆ. ನನ್ನ ತಾಲೀಮುಗಳಲ್ಲಿ ನಾನು ಒಂದು ದಿನ ಮಾಡಿದ್ದನ್ನು ಮರುದಿನ ಮಾಡಿಸುವವನಲ್ಲ. ಎರಡನೇ ವಾರವೇ ಕೇಳಿದೆ, ಬೀಳುವುದರಿಂದ ಶುರು ಮಾಡಿ ಹಿಂದಕ್ಕೆ ಬಂದರೆ ಏನಾಗುತ್ತದೆ ಎಂದು.

“ಕ್ರಮ ಬದಲಿಸಂಗಿಲ್ಲ ಸರ್,” ಎಂದರು ಶಿಕ್ಷಕಿ. “ಬ್ಯಾಸರ ಬಂದ್ರ ಆ ಬ್ಯಾಸರದಾಗ ಏನೈತಿ ನೋಡ್ರಿ.”

ಒಳ್ಳೆಯ ಉತ್ತರವೇ. ಆದರೆ ಒಳ್ಳೆಯ ಉತ್ತರ ಕೊಡುವುದು ನಾನೂ ಬಲ್ಲೆ. ಇವರಿಗೆ ಇದಿಷ್ಟೇ ಬರುತ್ತದೆ, ಅದಕ್ಕೇ ಬದಲಿಸುವುದಿಲ್ಲ ಎಂಬ ಅನುಮಾನ ಅಂದು ನನ್ನೊಳಗೆ ಹೊಕ್ಕಿತು. ಯಾರ ಹತ್ತಿರ ಕಲಿತಿರಿ ಎಂದು ಕೇಳಿದಾಗಲೆಲ್ಲ ಪುಣೆ ಎನ್ನುತ್ತಿದ್ದರು. ಪುಣೆಯಲ್ಲಿ ಎಲ್ಲಿ ಎಂದರೆ ಎಣಿಕೆ ಶುರುವಾಗುತ್ತಿತ್ತು. ಮೂರನೇ ವಾರದಿಂದ ನಾನು ಮೊಬೈಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಇಡೀ ತರಗತಿಯನ್ನು ಚಿತ್ರೀಕರಿಸತೊಡಗಿದೆ. ಅಭ್ಯಾಸಕ್ಕೆ ಎಂದು ಎಲ್ಲರಿಗೂ ಹೇಳಿದ್ದೆ. ಅವರ ತಪ್ಪು ಹಿಡಿಯಲಿಕ್ಕೆ ಎಂದು ನನಗೆ ಗೊತ್ತಿತ್ತು.

ಮೊದಲು ಕಾಡಿದ ತೊಡಕು ಬೇರೆಯೇ. ನೆಲದ ಮೇಲೆ ತಿರುಚಿ ಕಾಲು ಚಾಚುವಾಗ ಒಬ್ಬರ ಪಾದ ಇನ್ನೊಬ್ಬರಿಗೆ ತಾಗುತ್ತಿತ್ತು. ತಾಗಿದ ಕೂಡಲೇ ಎಲ್ಲ ಬಿಟ್ಟು ಕೈ ಹೋಗುತ್ತಿತ್ತು, ಅವರನ್ನು ಮುಟ್ಟಿ ತನ್ನ ಕಣ್ಣಿಗೊತ್ತಿಕೊಳ್ಳಲಿಕ್ಕೆ. ತಾಗಿಸಿಕೊಂಡವರ ಕೈಯೂ ತಡೆಯಲಿಕ್ಕೆ ಬರುತ್ತಿತ್ತು. ಇಬ್ಬರ ಬೆನ್ನೂ ಸತ್ತುಹೋಗುತ್ತಿತ್ತು, ಎಣಿಕೆ ಮುಂದೆ ಹೋಗಿರುತ್ತಿತ್ತು. ಶಿಕ್ಷಕಿ ಎರಡು ವಾರ ಬಿಡಿಸಲು ನೋಡಿದರು. ಬಿಡಲಿಲ್ಲ. ಡೊಳ್ಳಿನವನಂತೂ ತನ್ನ ಕಾಲು ಜಮಖಾನೆಯ ಅಂಚಿನಲ್ಲಿಟ್ಟಿದ್ದ ನನ್ನ ನೋಟ್‌ಬುಕ್ಕಿಗೆ ತಾಗಿದರೂ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಕೊನೆಗೆ ಶಿಕ್ಷಕಿ ಜಮಖಾನೆಯ ಮೇಲೆ ಸುಣ್ಣದ ಕಡ್ಡಿಯಿಂದ ಎಂಟು ಚೌಕ ಎಳೆದು, ಯಾರ ಕಾಲೂ ಗೆರೆ ದಾಟಬಾರದು ಎಂದರು. ಈ ಕೈ ಹೋಗುವುದನ್ನು ನಾಟಕದಲ್ಲಿ ಹಾಗೇ ಇಟ್ಟುಕೊಳ್ಳೋಣ ಎಂದು ನನಗೆ ಹುರುಪು ಬಂದಿತ್ತು. ರಾಮದುರ್ಗದ ಟೀಚರ್ ಒಪ್ಪಲಿಲ್ಲ. ಅದು ತೋರಿಸಲಿಕ್ಕೆ ಮಾಡುವುದಲ್ಲ, ತೋರಿಸಿದರೆ ಕೆಡುತ್ತದೆ ಎಂದಳು. ಮತ್ತೆ ಕಿರಿಕಿರಿ.

ನಾಲ್ಕನೇ ಭಾನುವಾರ ಶಿಕ್ಷಕಿ ನನ್ನ ಹಿಂದೆ ಬಂದು ಬೆನ್ನಿನ ನಡುವೆ ಅಂಗೈ ಇಟ್ಟು ಎಲ್ಲರನ್ನೂ ಕರೆದರು. ನಾನು ಕಾಂಟ್ರ್ಯಾಕ್ಷನ್ನಿನ ತಳದಲ್ಲಿದ್ದೆ. ಇವರ ನಿಲುಗಡೆ ನೋಡ್ರಿ, ಒಂದು ಎಳಿ ಅಲುಗವಲ್ದು ಎಂದರು. ಏಳು ಜನ ಸುತ್ತ ನಿಂತು ನೋಡಿದರು. ಒಳಗೆ ನನಗೆ ಏನೂ ಆಗುತ್ತಿರಲಿಲ್ಲ. ಮುಚ್ಚಿದ ಪೆಟ್ಟಿಗೆಯಂತಿದ್ದೆ. ಆದರೂ ಮನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದೆ: “ಇವತ್ತು ಸಿಕ್ಕಿತು. ಉಸಿರು ಪೂರ್ತಿ ಹೊರಗೆ. ತಳದಲ್ಲಿ ಮೌನ.” ಆ ಪುಟ ಈಗಲೂ ಇದೆ. ಅದೇ ದಿನದ ವಿಡಿಯೋ ಕೂಡ ಇದೆ. ಅದರಲ್ಲಿ ನನ್ನ ಪಕ್ಕೆಲುಬುಗಳು ಮೂರನೇ ಎಣಿಕೆಯ ತನಕ ಇಳಿಯುತ್ತವೆ, ನಾಲ್ಕಕ್ಕೆ ನಿಲ್ಲುತ್ತವೆ, ಎಂಟರವರೆಗೆ ಅಲುಗುವುದಿಲ್ಲ. ಉಸಿರು ಹೊರಗೆ ಹೋಗಿರಲಿಲ್ಲ. ಅರ್ಧಕ್ಕೆ ಬಾಗಿಲು ಹಾಕಿಕೊಂಡಿತ್ತು. ಆದರೆ ಇದನ್ನು ನಾನು ನೋಡಿದ್ದು ತಡವಾಗಿ. ಆ ಹೊತ್ತಿಗೆ ನಾನು ಆ ವಿಡಿಯೋಗಳಲ್ಲಿ ಹುಡುಕುತ್ತಿದ್ದದ್ದು ಶಿಕ್ಷಕಿಯ ತಪ್ಪನ್ನು, ನನ್ನದನ್ನಲ್ಲ.

ಐದನೇ ವಾರ ಬೀಳುವುದನ್ನು ಪೂರ್ತಿ ಕಲಿಸಿದರು. ಎಂಟು ಎಣಿಕೆ. ಒಂದು ಕಾಲು ಹಿಂದಕ್ಕೆ ಸರಿದು, ಮೈ ಕಾಂಟ್ರ್ಯಾಕ್ಷನ್ನಿಗೆ ಹೋಗುತ್ತ ಕೆಳಗಿಳಿಯುತ್ತದೆ. ನಾಲ್ಕಕ್ಕೆ ಮಂಡಿ ನೆಲದಿಂದ ಒಂದು ಗೇಣು ಮೇಲೆ. ಅಲ್ಲಿಂದ ಮಂಡಿಯನ್ನು ತಪ್ಪಿಸಿ ಮೀನಖಂಡದ ಹೊರಮೈ, ತೊಡೆ, ಸೊಂಟ, ಪಕ್ಕೆ ಎಂದು ಒಂದಾದ ಮೇಲೊಂದು ನೆಲಕ್ಕೆ ತಾಗಬೇಕು. ತೋಳು ಜಾರಿ ಚಾಚಿ, ಎಂಟಕ್ಕೆ ಮೈ ನೆಲದ ಮೇಲೆ. ಉಸಿರು ಹೋಗುತ್ತಿದ್ದರೆ ಮೈ ಬಟ್ಟೆಯಂತೆ ಇಳಿಯುತ್ತದೆ. ನಿಂತರೆ ಕಟ್ಟಿಗೆ.

ನಾನು ಕಟ್ಟಿಗೆಯಾಗಿ ಬಿದ್ದೆ. ಆ ವಾರ, ಮುಂದಿನ ವಾರ, ಅದರ ಮುಂದಿನ ವಾರ. ಬಲಗಾಲಿನ ಮಂಡಿ ಬಾತು ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಕಲ್ಲಿನ ನೆಲ ಎಂದೆ. ಜಮಖಾನೆ ತೆಳ್ಳಗಾಯಿತು ಎಂದೆ. ವಯಸ್ಸು ಎಂದು ಮಾತ್ರ ಹೇಳಲಿಲ್ಲ. ಕುಳಿತಾಗ ಎಲ್ಲರಿಗೂ ಮಾದರಿಯಾದವನು ಬೀಳುವಾಗ ಯಾಕೆ ಹೀಗೆ ಎಂದು ಶಿಕ್ಷಕಿ ಬಾಯಿಬಿಟ್ಟು ಕೇಳಲಿಲ್ಲ. ಅದೂ ನನಗೆ ಅನುಮಾನವೇ.

ರಾಮದುರ್ಗದ ಟೀಚರ್ ಆ ಮಾತು ಹೇಳಿದ್ದು ಈ ಮೂರು ವಾರಗಳಲ್ಲಿ ಯಾವಾಗಲೋ, ಎಲ್ಲೋ. ನನಗೆ ಮೊದಲು ಅನ್ನಿಸಿದ್ದು, ಇವಳಿಗೂ ತರಗತಿ ಬೇಕಾಗಿದೆ, ನನ್ನ ಮನಸ್ಸು ಕದಡಲು ನೋಡುತ್ತಿದ್ದಾಳೆ ಎಂದು. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಸ್ವಲ್ಪ ಗಡುಸಾಗಿಯೇ ಕೇಳಿರಬೇಕು.

“ಕಬಡ್ಡಿ ಅನ್ನೂದು ನಿಂತ್ರ ಔಟ್ ರೀ ಸರ್,” ಎಂದಳು. “ಎದುರಿನವ ಎಲ್ಲಿ ಉಸುರು ಹಿಡೀತಾನ ಅನ್ನೂದ ನೋಡಕೋತ ಬೆಳದಾಕಿ ನಾ.”

ಆಮೇಲೆ ಅಲ್ಲೇ ಮಾಡಿ ತೋರಿಸಿದಳು. (ಹಾಗಾದರೆ ಅದು ಬಸ್ ನಿಲ್ದಾಣದಲ್ಲಿ ಆಗಿರಲಾರದು. ಅಥವಾ ಹೇಳಿದ್ದು ಒಂದು ದಿನ, ತೋರಿಸಿದ್ದು ಇನ್ನೊಂದು ದಿನ.) ಕಬಡ್ಡಿ ಕಬಡ್ಡಿ ಎಂದು ಎಡೆಬಿಡದೆ ಮೆಲ್ಲಗೆ ಉಸುರುತ್ತ ಬಿದ್ದಳು. ದನಿ ಎಲ್ಲೂ ತುಂಡಾಗಲಿಲ್ಲ. ಪಕ್ಕೆ ನೆಲಕ್ಕೆ ತಾಗಿದಾಗ ಇನ್ನೂ ಒಂದೆರಡು ಕಬಡ್ಡಿ ಉಳಿದಿತ್ತು.

ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಎಣಿಕೆ ಹೇಳುತ್ತ ಕುಳಿತು ಕಾಂಟ್ರ್ಯಾಕ್ಷನ್ ಮಾಡಿದೆ. ಒಂದು, ಎರಡು, ಮೂರು. ನಾಲ್ಕು ಬರಲಿಲ್ಲ. ತುಟಿ ಆಡಿತು, ದನಿ ಬರಲಿಲ್ಲ. ಹತ್ತು ಸಲ ಮಾಡಿದೆ. ಹತ್ತು ಸಲವೂ ಅಲ್ಲೇ. ಆಗ ಹಳೆಯ ವಿಡಿಯೋಗಳನ್ನು ನನ್ನನ್ನು ನೋಡಲಿಕ್ಕೆಂದು ತೆರೆದೆ.

ಕಾರಣ ಥಟ್ಟನೆ ಹೊಳೆಯಿತು. ನಮ್ಮದು ದೇಗಾಂವದ ಕಡೆಯ ಪೂಜಾರಿಕೆಯ ಮನೆತನ. ಮುಂಜಿವಿಯಾದ ಮೇಲೆ ಅಜ್ಜ ನನ್ನನ್ನು ಎದುರಿಗೆ ಕೂರಿಸಿಕೊಂಡು, ಮೂಗು ಹಿಡಿಸಿ, ಪ್ರಾಣಾಯಾಮ ಮಾಡಿಸುತ್ತ “ಹಿಡಿ, ಇನ್ನೂ ಹಿಡಿ” ಎನ್ನುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಅಜ್ಜನ ಬೆರಳಿನ ದರ್ಭೆಯ ಉಂಗುರ ಕೂಡ ಕಂಡಿತು. ಹಿಡಿಯುವುದನ್ನು ಕಲಿತ ಮೈ, ಬಿಡುವುದನ್ನು ಕಲಿಯದ ಮೈ. ಒಂದು ನಾಟಕಕ್ಕೆ ಇದಕ್ಕಿಂತ ಏನು ಬೇಕು? ಎರಡು ದಿನ ಇದೇ ಗುಂಗಿನಲ್ಲಿದ್ದು ಸವದತ್ತಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ಅಕ್ಕ ಪೂರ್ತಿ ಕೇಳಿಸಿಕೊಂಡಳು. “ಅಜ್ಜ ಏನ್ ಕಲಸ್ತಾನೋ ತಮ್ಮಾ? ನಿನ್ನ ಮುಂಜಿವಿ ಹೊತ್ತಿಗೆ ಅವಗ ಲಕ್ವಾ ಹೊಡದು ವರ್ಷಾಗಿತ್ತು, ಮಾತ ಬರ್ತಿದ್ದಿಲ್ಲ. ನೀನೂ ನಾಕ್ ದಿವಸ ಸಂಧ್ಯಾವಂದನಿ ಮಾಡಿದಿ. ಐದನೇ ದಿವಸ ಥಂಡಿ ಅಂತ ಕೌದಿ ಹೊದ್ದು ಮಲಗಿದಿ.”

ಹಾಗಾದರೆ “ಹಿಡಿ” ಎಂದವರು ಯಾರು ಎಂದೆ. ಯಾರೂ ಇರಲಿಕ್ಕಿಲ್ಲ, ನಿನಗೆ ಮೊದಲಿನಿಂದಲೂ ನಾಟಕ ಎಂದಳು.

ಒಂದು ಕಾರಣ ಹೋದ ಮೇಲೆ ಬೇರೆ ಕಾರಣಗಳು ಸಾಲು ಹಿಡಿದು ಬಂದವು. ಗೋದಾಮಿನ ಅರಳೆ ಮೂಗಿಗೆ ಹೋಗದಿರಲೆಂದು ಹಿಡಿಯುತ್ತೇನೆ. ರಂಗದ ಪಕ್ಕದಲ್ಲಿ ನಿಂತು ನಟರು ಮಾತು ಮರೆಯದಿರಲೆಂದು ಇಷ್ಟು ವರ್ಷ ಹಿಡಿದೇ ಬಂದಿದ್ದೇನೆ. ಯಾವುದನ್ನೂ ನಂಬಲಾಗಲಿಲ್ಲ. ಆಗ ನನ್ನ ತಲೆ ತನ್ನ ಹಳೆಯ ದಾರಿ ಹಿಡಿಯಿತು. ನಾನು ಉಸಿರು ಹಿಡಿದದ್ದನ್ನು ಒಬ್ಬ ಕಬಡ್ಡಿ ಆಟಗಾರ್ತಿ ಹಿಂದೆ ಕೂತು ಕಂಡುಹಿಡಿದಳು. ಬೆನ್ನಿನ ಮೇಲೆ ಅಂಗೈ ಇಟ್ಟ ಶಿಕ್ಷಕಿಗೆ ಯಾಕೆ ತಿಳಿಯಲಿಲ್ಲ? ಅವರೂ ಹಿಡಿಯುತ್ತಾರೆ, ಅದಕ್ಕೇ. ವಿಡಿಯೋಗಳಲ್ಲಿ ನೋಡಿದರೆ ಕಾಂಟ್ರ್ಯಾಕ್ಷನ್ ತೋರಿಸುವಾಗಲೆಲ್ಲ ಅವರು ನಮಗೆ ಬೆನ್ನು ಮಾಡಿರುತ್ತಾರೆ. ಬೆನ್ನು ಕಾಣಲಿ ಎಂದು ಹಾಗೆ ಮಾಡುತ್ತಾರೆಂಬ ಸರಳ ಉತ್ತರ ನನಗೆ ಸಾಲಲಿಲ್ಲ.

ಒಂಬತ್ತನೇ ಭಾನುವಾರ ಬಲೆ ಹಾಕಿದೆ. ಅದು ಬಲೆಯೇ, ಬೇರೆ ಹೆಸರು ಬೇಡ. ನೇಸರಗಿಯಲ್ಲಿ ಬಸ್ಸು ಕೆಟ್ಟು ಶಿಕ್ಷಕಿ ತಡವಾಗಿ ಬಂದಿದ್ದರು, ಬೇಗ ಬೇಗ ಮುಗಿಸುತ್ತಿದ್ದರು. ಬೀಳುವ ಸರದಿ ಬಂದಾಗ ನಾನು ಎದ್ದು ನಿಂತು ಶಿಕ್ಷಕಿಯನ್ನು ಕೇಳಿದೆ:

“ಬಾಯಾರ, ಇವತ್ತ ಬೀಳವ್ರ ಜೋರಾಗಿ ಎಣಿಸ್ಕೋತ ಬೀಳೂಣು. ಎಲ್ಲಾರೂ. ನೀವೂ.”

ಅವರು ನನ್ನನ್ನು ನೋಡಿದರು. ಆ ನೋಟದಲ್ಲಿ ಏನಿತ್ತೆಂದು ನಾನು ಹೇಳುವುದಿಲ್ಲ, ಏನು ಹೇಳಿದರೂ ಈಗ ಸೇರಿಸಿದ್ದಾಗುತ್ತದೆ.

“ಮೊದಲ ನೀವ ಬೀಳ್ರಿ ಸರ್.”

ಮನೆಯಲ್ಲಿ ಆಗದ್ದು ಎಲ್ಲರೆದುರು ಆಗಬಹುದೆಂದು ಯಾಕೆ ಅನ್ನಿಸಿತೋ. ರಂಗದ ಮೇಲೆ ಹಾಗೆ ಆಗುವುದುಂಟು. ಒಂದು, ಎರಡು, ಮೂರು ಎಂದೆ. ನಾಲ್ಕಕ್ಕೆ ದನಿ ನಿಂತಿತು. ಮಂಡಿ ಕಲ್ಲಿಗೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು.

“ಸರ್‍ದು ಕರೆಂಟ್ ಹೋತು,” ಎಂದ ಡೊಳ್ಳಿನವ. ನನ್ನ ತಂಡದವರೇ ಮೊದಲು ನಕ್ಕದ್ದು.

ನಾನು ಕುಂಟುತ್ತ ಹೊರಗೆ ಹೋಗಿ ನಲ್ಲಿಯ ಕೆಳಗೆ ಮಂಡಿ ಹಿಡಿದು ಕುಳಿತೆ. ಒಳಗೆ ಎಣಿಕೆ ನಡೆಯುತ್ತಿತ್ತು. ಹೆಣ್ಣುದನಿಯೊಂದು ಒಂದರಿಂದ ಎಂಟರವರೆಗೆ ಎಲ್ಲೂ ಮುರಿಯದೆ ಹೋಯಿತು. ಮತ್ತೊಮ್ಮೆ ಹೋಯಿತು. ಎರಡೂ ರಾಮದುರ್ಗದ ಟೀಚರದ್ದೋ, ಒಂದು ಶಿಕ್ಷಕಿಯದ್ದೋ ತಿಳಿಯಲಿಲ್ಲ. ಮೊಬೈಲು ಇದೆಯಲ್ಲ ಎಂದುಕೊಂಡೆ. ನಾನು ಬಿದ್ದ ಏಟಿಗೋ ಗಾಳಿಗೋ ಅದು ಕಟ್ಟೆಯ ಮೇಲೆ ಅಂಗಾತ ಬಿದ್ದಿತ್ತು. ಅದರಲ್ಲಿರುವುದು ಗೋದಾಮಿನ ತಗಡು, ತಗಡಿನ ತೂತಿನಿಂದ ಬರುವ ಬೆಳಕು, ಮತ್ತು ಬೀಳುವವರ ಜೊತೆಗೆ ಡೊಳ್ಳಿನವ ತಾನೂ ಗಟ್ಟಿಯಾಗಿ ಎಣಿಸುತ್ತಿರುವ ದನಿ. ಅವನ ದನಿಯ ಅಡಿಯಲ್ಲಿ ಇನ್ನೊಂದು ದನಿ ಇದೆ. ನಾಲ್ಕರ ಹತ್ತಿರ ಅದು ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ. ನೂರು ಸಲ ಕೇಳಿದ್ದೇನೆ.

ನೀವು ಬಿದ್ದಿರಾ ಎಂದು ಒಳಗೆ ಬಂದು ಶಿಕ್ಷಕಿಯನ್ನು ಕೇಳಬಹುದಿತ್ತು. ಉಳಿದವರನ್ನು ಕೇಳಬಹುದಿತ್ತು. ಮಂಡಿಯಿಂದ ನೀರು ಇಳಿಯುತ್ತಿದ್ದ ಆ ಸ್ಥಿತಿಯಲ್ಲಿ ಕೇಳಲು ಬಾಯಿ ಬರಲಿಲ್ಲ. ಮುಂದೆ ಉಳಿದವರನ್ನು ಕೇಳಿದಾಗ, ಶಿಕ್ಷಕಿ ಬಿದ್ದರು ಎಂದು ಒಬ್ಬರು, ಇಲ್ಲ, ಬರೀ ಎಣಿಸಿದರು ಎಂದು ಇನ್ನೊಬ್ಬರು ಹೇಳಿದರು.

ಹತ್ತನೇ ಭಾನುವಾರ ತರಗತಿ ಮುಗಿದ ಮೇಲೆ ಶಿಕ್ಷಕಿ ನನ್ನೊಬ್ಬನನ್ನೇ ಬಾಗಿಲ ಹತ್ತಿರ ಕರೆದರು. ಮುಂದೆ ಯಾರು ನಡೆಸಬೇಕೆಂದು ತಾವು ಹೇಳುವುದಿಲ್ಲ ಎಂದರು.

“ಬೀಗ ನಿಮ್ಮ ಕೈಯಾಗ ಐತಿ. ಹೆಸರೂ ನೀವ ಹೇಳ್ರಿ.”

ಇದೂ ಪರೀಕ್ಷೆಯೇ ಎಂದುಕೊಂಡೆ. ನಾನು ನನ್ನ ಹೆಸರು ಹೇಳಿದ್ದರೆ ಯಾರೂ ಅಡ್ಡಬರುತ್ತಿರಲಿಲ್ಲ. ಕ್ರಮವೆಲ್ಲ ಬಾಯಿಪಾಠವಾಗಿತ್ತು. ಬೆನ್ನು ಹೇಗೆ ಬಾಗಬೇಕೆಂದು ಮಾತಿನಲ್ಲಿ ಹೇಳುವುದು ಎಲ್ಲರಿಗಿಂತ ನನಗೇ ಚೆನ್ನಾಗಿ ಬರುತ್ತಿತ್ತು. ತರಗತಿ ನಡೆಸಿದ್ದರೆ ಕಲಿಯುವವರ ಬೆನ್ನ ಮೇಲೆ ನಾನೂ ಅಂಗೈ ಇಡುತ್ತಿದ್ದೆ, ಚೆನ್ನಾಗಿದೆ ಎನ್ನುತ್ತಿದ್ದೆ. ಅವರು ಉಸಿರು ಹಿಡಿದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ನಾನೂ ಹಿಡಿದಿರುತ್ತಿದ್ದೆ. ರಾಮದುರ್ಗದ ಟೀಚರ್ ನಡೆಸಲಿ ಎಂದೆ. ಇದನ್ನು ದೊಡ್ಡ ಮನಸ್ಸು ಎಂದು ಹೇಳಿಕೊಳ್ಳಲು ಧೈರ್ಯವಿಲ್ಲ. ಒಂದು ವಾರದಿಂದ ಮಂಡಿ ಮಡಚಲು ಆಗುತ್ತಿರಲಿಲ್ಲ, ನನ್ನ ತಂಡದವರ ನಗು ಇನ್ನೂ ಕಿವಿಯಲ್ಲಿತ್ತು. ಅದೂ ಇದೂ ಸೇರಿರಬೇಕು.

ಆಕೆಯನ್ನು ಕರೆದು ಹೇಳಿ ಬೀಗದ ಕೈ ಚಾಚಿದೆ. ತೆಗೆದುಕೊಳ್ಳಲಿಲ್ಲ.

“ನಡಸ್ತೇನ್ರಿ. ಆದ್ರ ಇಲ್ಲಿ ಅಲ್ಲ. ನಮ್ಮ ಸಾಲ್ಯಾಗ ಹುಡಿಗ್ಯಾರ ಅದಾರ, ಮಣ್ಣಿನ ನೆಲ ಐತಿ. ಹತ್ತ ವಾರ ನಾ ಬಂದೆ. ಇನ್ನ ನೀವು ಬರ್ರಿ.”

ಹೀಗೆ ತರಗತಿ ಬೈಲಹೊಂಗಲ ಬಿಟ್ಟು ಹೋಯಿತು. ನನ್ನ ತಂಡದವರು ಯಾರೂ ಅಷ್ಟು ದೂರ ಬರಲು ಒಪ್ಪಲಿಲ್ಲ. ನಾಟಕ ಅಲ್ಲಿಗೇ ನಿಂತಿತು. ಗೋದಾಮಿನ ಬೀಗದ ಕೈಯನ್ನು ಜಿನ್ನಿನ ಕಾವಲುಗಾರನಿಗೆ ಮರಳಿಸಿದೆ.

ಆ ಹತ್ತನೇ ಭಾನುವಾರ ಸಂಜೆ ಶಿಕ್ಷಕಿಯನ್ನು ಬೆಳಗಾವಿ ಬಸ್ಸಿಗೆ ಕಳಿಸಲು ಹೋದೆ. ಕೇಳದೆ ಇರಲಾಗಲಿಲ್ಲ. ನಾಲ್ಕನೇ ವಾರ ನನ್ನನ್ನು ಹೊಗಳಿದಿರಲ್ಲ, ಆಗ ನಾನು ಉಸಿರು ಹಿಡಿದದ್ದು ನಿಮಗೆ ಗೊತ್ತಿತ್ತೇ ಎಂದೆ. ಅವರು ಬಸ್ಸು ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು.

“ಬೆನ್ನಂತೂ ಭಾಳ ಚಂದ ಇತ್ರಿ ಸರ್,” ಎಂದರು. ಬಸ್ಸು ಹೊರಟಿತು.

ಈಗ ಭಾನುವಾರ ನಸುಕಿನಲ್ಲೆದ್ದು ಸವದತ್ತಿಗೆ ಹೋಗಿ ಬಸ್ಸು ಬದಲಿಸಿ ರಾಮದುರ್ಗಕ್ಕೆ ಹೋಗುತ್ತೇನೆ. ಹದಿನಾಲ್ಕು ಹುಡುಗಿಯರ ಹಿಂದೆ, ಕೊನೆಯ ಸಾಲಿನಲ್ಲಿ ನನ್ನ ಚೌಕ. ಕ್ರಮ ಅದೇ, ಒಂದೂ ಬದಲಾಗಿಲ್ಲ. ಎಲ್ಲರೂ ಜೋರಾಗಿ ಎಣಿಸುತ್ತ ಬೀಳುತ್ತಾರೆ, ಅದೊಂದು ಸೇರಿದೆ. ಟೀಚರ್ ನನ್ನ ಬೆನ್ನ ಮೇಲೆ ಕೈ ಇಡುವುದಿಲ್ಲ. ಹಿಂದೆ ನಿಂತು ಕೇಳಿಸಿಕೊಳ್ಳುತ್ತಾಳೆ. ಕೆಲವು ವಾರ ನಾಲ್ಕು ದಾಟಿ ಐದು ಬರುತ್ತದೆ, ಒಮ್ಮೆ ಎಂಟೂ ಬಂತು. ಮರುವಾರ ಮತ್ತೆ ಮೂರಕ್ಕೇ ನಿಂತಿತು. ಎಂಟು ಬಂದ ದಿನ ಏನು ಬೇರೆ ಮಾಡಿದೆನೆಂದು ನನಗೆ ತಿಳಿದಿಲ್ಲ. ಯಾಕೆ ನಿಲ್ಲುತ್ತದೆಂದೂ ತಿಳಿದಿಲ್ಲ. ಶಿಕ್ಷಕಿಗೆ ಗೊತ್ತಿತ್ತೋ ಇಲ್ಲವೋ, ಅದೂ ತಿಳಿದಿಲ್ಲ.